ಉಂಗುರದ ಬೆರಳು

ಟಕ್ — ಇನ್ನೊಂದು ಮುರಿಯಿತು, ಈ ಸಲ ಕೆಂಪು, ಸದ್ದು ನೇರ ನನ್ನ ಕೈಯ ಗೆಣ್ಣಿನೊಳಗೆ ಹೋಗಿ ಕೂತಿತು, ಹೊಸ ಕ್ರೆಯಾನಿನ ಸದ್ದೇ ಹಾಗೆ, ಒಣಕಡ್ಡಿ ಮುರಿದಂತಲ್ಲ, ಒಳಗೆ ಸ್ವಲ್ಪ ಹಸಿ ಉಳಿದಿರುವ ಏನನ್ನೋ ಮುರಿದಂತೆ, ಆದರೂ ಮುರಿಯಬೇಕು, ಡಬ್ಬಿಯಲ್ಲಿ ಸಾಲಾಗಿ ಮಲಗಿರುವ ಒಂದೊಂದನ್ನೂ ಎತ್ತಿ, ಸುತ್ತಿದ ಕಾಗದ ಸುಲಿದು, ನಡುವಿಗೆ ಹೆಬ್ಬೆರಳು ಕೊಟ್ಟು ಟಕ್, ಉದ್ದನೆಯದನ್ನು ಕೊಟ್ಟರೆ ಎರಡು ವರ್ಷದ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ಚೂರಿ ಹಿಡಿದ ಹಾಗೆ, ಗಿಡ್ಡ ತುಂಡು ಕೊಟ್ಟರೆ ಬೇರೆ ದಾರಿಯಿಲ್ಲದೆ ಬೆರಳ ತುದಿಗೆ ತಂದುಕೊಳ್ಳುತ್ತದೆ, ಈ ಶಿಶುವಿಹಾರಕ್ಕೆ ಕೆಲಸಕ್ಕೆ ಸೇರಿದವರಿಗೆಲ್ಲ ಇದನ್ನು ಹೇಳಿಕೊಟ್ಟವಳು ನಾನೇ, ತಾಯಂದಿರು ಬಂದು ಅಯ್ಯೋ ಇಂಗ್ವಿಲ್, ಹೊಸಾ ಡಬ್ಬಿ ತಂದ್ಕೊಟ್ಟಿದ್ವಿ, ಎಲ್ಲಾ ಮುರಿದು ಹಾಕಿದೀರಲ್ರೀ ಅಂದರೆ ನಾನು ನಗುತ್ತೇನೆ, ಮುರಿದಿದ್ದೇ ಮಕ್ಕಳಿಗೆ ಒಳ್ಳೇದು ಅನ್ನುತ್ತೇನೆ — ಟಕ್, ನೀಲಿ — ನಿನ್ನೆ ಸಂಜೆ ಇದೇ ಸದ್ದು, ಅಲ್ಲ, ನಿನ್ನೆಯದು ಬೇರೆ, ಬೆರಳು ಮುರಿದದ್ದು ಹೋದ ಬೇಸಿಗೆಯಲ್ಲಿ, ಎಡಗೈಯ ಕಿರುಬೆರಳು, ನನ್ನ ಗಂಡ ಸ್ಟೀಗ್ ಅದನ್ನು ಹಿಂದಕ್ಕೆ ಬಗ್ಗಿಸಿದ, ನಿಧಾನವಾಗಿ, ನನ್ನ ಮುಖವನ್ನೇ ನೋಡುತ್ತ, ಎಲ್ಲಿಗೆ ಬಂದರೆ ಮುರಿಯುತ್ತದೆ ಎಂಬ ಕುತೂಹಲದಿಂದ, ಆಸ್ಪತ್ರೆಯಲ್ಲಿ ದೋಣಿಯ ಹಗ್ಗಕ್ಕೆ ಸಿಕ್ಕಿಕೊಳ್ತು ಡಾಕ್ಟ್ರೇ ಎಂದು ಅವನೇ ಹೇಳಿದ, ಎಷ್ಟು ಚೆನ್ನಾಗಿ ಹೇಳಿದನೆಂದರೆ ನನಗೂ ಆ ಹಗ್ಗ ಕಂಡಿತು — ಟಕ್, ಹಸಿರು, ಟಕ್, ಕಂದು, ಇವು ಒಂದೊಂದೂ ಅವನ ಬೆರಳಾಗಿದ್ದರೆ, ಕಾಗದ ಸುಲಿದಂತೆ ಸುಲಿದು, ಹತ್ತನ್ನೂ ಮುರಿದು, ಬುಟ್ಟಿಗೆ ಹಾಕಿ, ತಗೊಳ್ಳಿ ಮಕ್ಳೇ ಗೀಚಿ ಎಂದು ಮುಂದಿಟ್ಟು — ಛೀ, ಮಕ್ಕಳು ಪಕ್ಕದಲ್ಲೇ ನಿಂತಿವೆ, ಒಂದು ನನ್ನ ಮೊಣಕಾಲು ಹಿಡಿದುಕೊಂಡಿದೆ, ನಗು ಇಂಗ್ವಿಲ್, ನಗು. ನಕ್ಕೆ. ಬಲಗೆನ್ನೆ ಎಳೆಯಿತು, ಕಣ್ಣಿನ ಕೆಳಗೆ ಬೆಳಿಗ್ಗೆ ಹಚ್ಚಿಕೊಂಡ ಮೈಬಣ್ಣದ ಕ್ರೀಮು ಒಣಗಿ ಬಿಗಿದುಕೊಂಡಿದೆ.

ಮೂರು ಸಲ, ಉಂಗುರದ ಬೆರಳಿನಿಂದ, ಒರೆಸಬಾರದು, ಬರೀ ತಟ್ಟಬೇಕು, ಫೋನಿನ ವಿಡಿಯೊದಲ್ಲಿ ಅಲಂಕಾರ ಹೇಳಿಕೊಡುವ ಹುಡುಗಿಯಿಂದ ಕಲಿತದ್ದು, ಉಂಗುರದ ಬೆರಳಿಗೆ ಎಲ್ಲಕ್ಕಿಂತ ಕಡಿಮೆ ಬಲವಂತೆ, ಕಣ್ಣಿನ ಕೆಳಗಿನ ಚರ್ಮಕ್ಕೆ ಅದೇ ಒಳ್ಳೆಯದಂತೆ — ಕಡಿಮೆ ಬಲವಂತೆ, ಸ್ಟೀಗನ ಬೆರಳನ್ನು ಅವಳು ಕಂಡಿಲ್ಲ, ನಮ್ಮಲ್ಲಿ ಮದುವೆಯ ಉಂಗುರ ಬಲಗೈಗೆ, ಪಾದ್ರಿಯ ಮುಂದೆ ನಾನೇ ತೊಡಿಸಿದ್ದು, ಅವನ ಗೆಣ್ಣು ದಪ್ಪ, ಹೋಗಲೊಲ್ಲದು, ತಿರುಗಿಸಿ ತಿರುಗಿಸಿ ನೂಕಿದೆ, ಇಗರ್ಜಿಗೆ ಇಗರ್ಜಿಯೇ ನಕ್ಕಿತು, ಹೊಡೆಯುವ ಕೈಗೆ ನಾನೇ ಕೈಯಾರೆ ಆಯುಧ ತೊಡಿಸಿದೆ ಎಂದು ಅಂದು ಯಾರಿಗೆ ಗೊತ್ತಿತ್ತು, ನಿನ್ನೆ ಆ ಕೈಯ ಹಿಂಬದಿ ಬಂದು ಬಡಿದಾಗ ಉಂಗುರ ಕೆನ್ನೆಯ ಮೂಳೆಯ ಮೇಲೆ ಕೂತು ಚರ್ಮ ಸೀಳಿತು, ಸಣ್ಣ ಗಾಯ, ಅಕ್ಕಿ ಕಾಳಿನಷ್ಟು, ಸುತ್ತ ಮಾತ್ರ ರಾತ್ರಿ ಕಳೆಯುವುದರೊಳಗೆ ನೇರಳೆ ಹಣ್ಣು ಜಜ್ಜಿದಂತೆ ಆಯಿತು, ಮಕ್ಕಳಿಗೆ ಬಣ್ಣ ಕಲಿಸುವವಳು ನಾನು, ಈ ಬಣ್ಣಗಳ ಸರದಿಯೂ ಬಾಯಿಪಾಠ, ಮೊದಲು ಕೆಂಪು, ಆಮೇಲೆ ನೇರಳೆ, ಆಮೇಲೆ ಅಂಚಿನಿಂದ ಹಸಿರು, ಕೊನೆಗೆ ಹಳದಿ, ಹಳದಿ ಬಂದಾಗ ಅವನು ಹೂವು ತರುತ್ತಾನೆ — ಬೆಳಿಗ್ಗೆ ಬಚ್ಚಲಮನೆಯಲ್ಲಿ ರೂನಾ ಬಟ್ಟೆ ಒಗೆಯುವ ಮಿಶಿನ್ನಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು, ದಿನವೂ ಅಲ್ಲೇ ಕೂರುತ್ತಾಳೆ, ಎರಡು ದಾಟಿದ ಮಗಳು, ಬಾಯಲ್ಲಿ ಬೆರಳೆಣಿಕೆಯ ಮಾತು, ನಾನು ಕನ್ನಡಿಯ ಮುಂದೆ ತಟ್ಟಿಕೊಂಡು, ಗಲ್ಲ ಎತ್ತಿ ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ಅವಳತ್ತ ಬಗ್ಗಿ ಹೋಯ್ತು ಅಂದೆ, ಕಣ್ಣಾಮುಚ್ಚಾಲೆಯಲ್ಲಿ ಅನ್ನುತ್ತೇವಲ್ಲ ಹಾಗೆ, ಅವಳು ಕೈ ತಟ್ಟಿ ಹೋಯ್ತು ಅಂದಳು, ಆಟವೆಂದುಕೊಂಡಿದೆ ಮಗು, ಇದಕ್ಕೇನು ತಿಳಿಯುತ್ತದೆ.

ಇಂಗ್ವಿಲ್, ಕನಸು ಕಾಣ್ತಾ ನಿಂತ್ರೆ ಇವು ಕಾಗದಾನೇ ತಿಂದು ಮುಗಿಸ್ತವೆ, ಬಾರೇ, ಎಂದು ಗೆರ್ಡ್ ಕೂಗುತ್ತಾರೆ, ಗೆರ್ಡ್ ಇಲ್ಲಿಯ ಮುಖ್ಯಸ್ಥೆ, ಅರವತ್ತರ ಹೆಂಗಸು, ಮೀನುಗಾರನ ಮಗಳು, ಗಂಟಲು ಬಂದರಿನ ಭೋಂಗಾ, ಮಕ್ಕಳ ಮೂಗು ಒರೆಸಿ ಒರೆಸಿ ಕೈ ಸವೆದಿದೆ — ಬಂದೆ ಬಂದೆ, ನೆಲದ ತುಂಬ ಕಾಗದ ಹಾಸಿ ಅಂಚಿಗೆ ಟೇಪು ಹಚ್ಚಿದ್ದೇವೆ, ಮಕ್ಕಳ ಮೈಮೇಲೆ ಡೈಪರ್ ಬಿಟ್ಟರೆ ಏನಿಲ್ಲ, ಹೊರಗೆ ಹಿಮ, ಒಳಗೆ ನೆಲ ಬೆಚ್ಚಗಿದೆ, ಬಟ್ಟಲುಗಳಲ್ಲಿ ಬಣ್ಣ, ಅಂಗಡಿಯದಲ್ಲ, ಹಿಟ್ಟು ಕಾಯಿಸಿದ ಅಂಟಿಗೆ ಬೀಟ್ರೂಟ್ ರಸ ಒಂದಕ್ಕೆ, ಕಾಡಿನ ನೀಲಿ ಹಣ್ಣು ಒಂದಕ್ಕೆ, ಗಜ್ಜರಿ ಒಂದಕ್ಕೆ, ಹೇಗಿದ್ದರೂ ಬಾಯಿಗೇ ಹೋಗುವುದು, ಒಂದು ಬಟ್ಟಲು ಮಾತ್ರ ಏನೂ ಬೆರೆಸದೆ ಬಿಳಿಯಾಗಿಯೇ ಉಳಿದಿದೆ — ಇವತ್ತು ನನ್ನ ರೂನಾಳೂ ಇಲ್ಲಿದ್ದಾಳೆ, ನಮ್ಮ ಮಗು ನಮ್ಮ ಗುಂಪಿನಲ್ಲಿ ಇರಬಾರದು ಎಂಬುದು ಇಲ್ಲಿಯ ಕಟ್ಟಳೆ, ಆದರೆ ಅವಳಿರುವ ‘ಏಡಿ’ ಎಂಬ ಹೆಸರಿನ ಗುಂಪಿನ ಇಬ್ಬರು ಟೀಚರಿಗೂ ಜ್ವರ, ಎರಡು ಗುಂಪನ್ನೂ ಒಟ್ಟಿಗೆ ಬಿಟ್ಟಿದ್ದಾರೆ, ಬೇಡವಾಗಿತ್ತು, ಯಾಕೋ ಬೇಡವಾಗಿತ್ತು — ನನ್ನ ಗುಂಪಿನ ಪೋರ ಎಸ್ಕಿಲ್ ಬಂದ, ಕೆಂಪು ತುಂಡು ಹಿಡಿದು ಕಾಗದಕ್ಕೆ ಚುಚ್ಚಿದ, ಚುಚ್ಚಿದ, ಚುಚ್ಚಿದ, ಇಡೀ ಭುಜದಿಂದ ಎತ್ತಿ ಇಡೀ ಮೈಯಿಂದ ಇಳಿಸುತ್ತಾನೆ, ಕಾಗದ ಹರಿಯಿತು, ಹರಿದ ತೂತಿನೊಳಗೂ ಚುಚ್ಚಿದ, ಮುಖದಲ್ಲಿ ಎಂಥ ಸುಖ, ಅವನ ಹಿಂದೆ ಇನ್ನೊಬ್ಬ ಬೀಟ್ರೂಟ್ ಬಟ್ಟಲಿಗೆ ಮೊಣಕೈವರೆಗೆ ಕೈ ಅದ್ದಿ ತೆಗೆದ, ನನ್ನ ಅಜ್ಜ ಅಕ್ಟೋಬರಿನಲ್ಲಿ ಕುರಿ ಕಡಿದು ಕೊಟ್ಟಿಗೆಯಿಂದ ಹೊರಬಂದಾಗಿನ ಕೈ ಅದೇ, ಅಜ್ಜ ಒಂದು ಕೈಯಲ್ಲಿ ಕುರಿಯ ಕಣ್ಣು ಮುಚ್ಚುತ್ತಿದ್ದ, ಇನ್ನೊಂದು ಕೈಯಲ್ಲಿ ಕತ್ತು, ಒಂದೇ ಎಳೆತ, ನೋವಾಗ್ಬಾರ್ದು ಮಗಾ, ಗೊತ್ತೂ ಆಗ್ಬಾರ್ದು ಅನ್ನುತ್ತಿದ್ದ — ಸ್ಟೀಗ್ ಊಟವಾದ ಮೇಲೆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ನಿದ್ದೆ ಹೋಗುತ್ತಾನೆ, ಗಂಟಲಿನ ಗಂಟು ಮೇಲೆ ಕೆಳಗೆ ಆಡುತ್ತದೆ, ಅಡುಗೆಮನೆಯ ಗೂಟಕ್ಕೆ ಮೀನು ಸೀಳುವ ಚೂರಿ ನೇತಾಡುತ್ತದೆ, ತೆಳ್ಳಗೆ, ಬಗ್ಗುವಂಥದ್ದು, ನಾನು ತಟ್ಟೆ ತೊಳೆಯುತ್ತ ಎರಡನ್ನೂ ನೋಡುತ್ತೇನೆ, ಗಂಟು, ಚೂರಿ, ಗಂಟು, ಚೂರಿ, ನೀರು ಬಿಸಿಯಾಗಿ ಕೈ ಸುಡುವವರೆಗೆ ನೋಡುತ್ತೇನೆ, ಆಮೇಲೆ ನಲ್ಲಿ ನಿಲ್ಲಿಸುತ್ತೇನೆ.

ಅವನು ಬೀಟ್ರೂಟ್ ಬಟ್ಟಲಲ್ಲೇ ಕೂತ್ಬಿಟ್ನಲ್ಲೇ, ಎದ್ದೇಳೋ ಮಹಾರಾಯ, ಇನ್ನೊಂದು ವಾರ ಇವ್ನ ಅಂಡು ಕೆಂಪಗಿರತ್ತೆ, ಮನೇಲಿ ಬಡಿದಿದಾರೆ ಅಂತ ನಾವೇ ಹೋಗಿ ದೂರು ಕೊಟ್ಕೊಂಡು ಬರ್ಬೇಕು, ಗೆರ್ಡ್ ತಮ್ಮ ಮಾತಿಗೆ ತಾವೇ ನಗುತ್ತಾರೆ, ನಾನೂ ನಗುತ್ತೇನೆ, ದೂರು ಕೊಡುವುದು ನಮಗೆ ನಗೆಚಾಟಿಕೆಯಲ್ಲ, ಕಾನೂನು, ಅನುಮಾನ ಬಂದರೆ ಸಾಕು, ಶಿಶುವಿಹಾರದವರು ಮಕ್ಕಳ ರಕ್ಷಣೆಯವರಿಗೆ ತಿಳಿಸಲೇಬೇಕು, ಹೋದ ಚಳಿಗಾಲ ಗೆರ್ಡ್ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು, ಏಟು ತಿನ್ನೋ ಮಗು ಮಾತ್ರ ಅಲ್ಲ, ಅಮ್ಮನಿಗೆ ಬೀಳೋ ಏಟನ್ನ ನೋಡ್ಕೊಂಡು ಕೂರತ್ತಲ್ಲ, ಅದೂನೂ ಏಟು ತಿಂದ ಮಗೂನೇ, ತಿಳೀತಾ, ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನಾನು, ಆ ಸಲ ಹಡಗುಕಟ್ಟೆಯ ಹತ್ತಿರದ ಮನೆಯ ಮಗುವನ್ನು ರಕ್ಷಣೆಯವರು ಕರೆದುಕೊಂಡು ಹೋದರು, ಬೇಸಿಗೆ ಬಂದರೂ ಆ ತಾಯಿ ಖಾಲಿ ತಳ್ಳುಗಾಡಿ ತಳ್ಳಿಕೊಂಡು ಅಂಗಡಿಗೆ ಬರುತ್ತಿದ್ದಳು, ನೀನು ಯಾಕೆ ಹೊಡೆಯುವ ಗಂಡನನ್ನು ಬಿಟ್ಟು ಬರಲಿಲ್ಲ ಎಂದು ಅವಳನ್ನೇ ಕೇಳಿದರಂತೆ — ಸ್ಟೀಗನಿಗೆ ಇದೆಲ್ಲ ಚೆನ್ನಾಗಿ ಗೊತ್ತು, ಹೇಳು, ಹೋಗಿ ಹೇಳು, ರೂನಾ ನಿನ್ನ ಕೈತಪ್ಪಿ ಹೋಗ್ತಾಳೆ ಅಷ್ಟೇ, ನಿನಗೆ ನಾನು ಹೇಳ್ಕೊಡ್ಬೇಕಾ, ನಿಂದೇ ಕೆಲ್ಸ ಅಲ್ವೇನೇ ಅದು, ಎಷ್ಟು ಮೆತ್ತಗೆ ಹೇಳುತ್ತಾನೆ, ಮನೆಗೆ ಮಾರಿ ಊರಿಗೆ ಉಪಕಾರಿ, ವಸಂತದಲ್ಲಿ ಊರವರೆಲ್ಲ ಸೇರಿ ಶಿಶುವಿಹಾರ ದುರಸ್ತಿ ಮಾಡುವ ದಿನ ಎಲ್ಲರಿಗಿಂತ ಮೊದಲು ಸುತ್ತಿಗೆ ಹಿಡಿದು ಬರುವವನು ಅವನೇ, ಅಗೋ ಆ ಚಿತ್ರದ ಹಲಗೆ ಅವನು ಮಾಡಿದ್ದು, ಮಕ್ಕಳಿಗೆ ಚುಚ್ಚಬಾರದೆಂದು ಮೂಲೆಗಳನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದಾನೆ, ಅದೇ ಅಂಗೈಯಿಂದ ನನ್ನ ತಲೆ ಹಿಡಿದು ಬಾಗಿಲ ಚೌಕಟ್ಟಿನ ಮೂಲೆಗೆ — ನಿಂಗೆಷ್ಟು ಒಳ್ಳೇ ಗಂಡ ಸಿಕ್ಕಿದಾನೆ ಎಂದು ಗೆರ್ಡ್ ಅವತ್ತು ಅವನ ಬೆನ್ನು ತಟ್ಟಿ ಕಾಫಿ ಕೊಟ್ಟರು, ಅವನು ಎರಡು ಲೋಟ ಕುಡಿದ.

ನಿನ್ನೆಯದಕ್ಕೂ ಕಾರಣ ಒಂದು ಕ್ರೆಯಾನು, ನಾನೇ ಮನೆಗೆ ಒಯ್ದ ಗಿಡ್ಡ ತುಂಡು, ಕಪ್ಪು, ನಾನು ಆಲೂಗಡ್ಡೆ ಬೇಯಲಿಟ್ಟು ತಿರುಗುವಷ್ಟರಲ್ಲಿ ರೂನಾ ಹೊಸದಾಗಿ ಬಣ್ಣ ಬಳಿದ ಗೋಡೆಯ ಮೇಲೆ ಗೆರೆ ಎಳೆದಿದ್ದಳು, ತನ್ನ ಎತ್ತರಕ್ಕೆ, ಬಾಗಿಲಿಂದ ಕಿಟಕಿಯವರೆಗೆ, ನಡೆಯುತ್ತ ಎಳೆದ ಗೆರೆ, ಎಂಥ ಚೆಂದದ ಗೆರೆ, ಕೈ ಎತ್ತದೆ ಎಳೆದಿದ್ದಳು, ಈ ವಯಸ್ಸಿಗೆ ಅದು ಸುಲಭವಲ್ಲ, ನನಗೆ ಮೊದಲು ಬಂದದ್ದು ಖುಷಿ, ಆಮೇಲೆ ಹೊರಗೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿತು, ಒದ್ದೆ ಬಟ್ಟೆ ತಂದು ಉಜ್ಜಿದೆ, ಮೇಣ, ನೀರಿಗೆ ಹೋಗುತ್ತದೆಯೇ, ಇನ್ನಷ್ಟು ಹರಡಿತು, ಅವನು ಬೂಟು ಬಿಚ್ಚಿ ಜೋಡಿಸಿಟ್ಟು ಒಳಗೆ ಬಂದ, ನೋಡಿದ, ನಿನ್ ಕೆಲ್ಸ ಇದೇ ತಾನೇ, ಗೀಚೋದು ಕಲ್ಸೋದು, ಸಂಬಳ ಬೇರೆ ಕೊಡ್ತಾರೆ ಇದಕ್ಕೆ, ಅವಳು ಚಿಕ್ಕೋಳು ಸ್ಟೀಗ್, ನಾನು ಒರೆಸ್ತೀನಿ, ನಾನು ಒರೆಸ್ತೀನಿ ಅಂತಿದೀನಲ್ಲ, ಅವನ ಕೈ ಅವಳ ಕಡೆ ಹೋಗುತ್ತದೋ ಎಂದು ನಡುವೆ ನಿಂತೆ, ಮೊದಲ ಏಟು ಕಿವಿಗೆ, ಎರಡನೆಯದು ಕೈಯ ಹಿಂಬದಿ, ಉಂಗುರ, ನೆಲ ಹತ್ತಿರ ಬಂತು, ನೆಲದ ಮಟ್ಟದಲ್ಲಿ ರೂನಾಳ ಕಾಲುಗಳು, ಉಣ್ಣೆಯ ಕಾಲುಚೀಲ, ಒಂದು ಹಿಮ್ಮಡಿಯಲ್ಲಿ ತೂತು, ಆ ಕಾಲುಗಳು ಅಲುಗಲಿಲ್ಲ, ಅವಳು ಅಳಲೂ ಇಲ್ಲ, ಮಗು ಅಳದೆ ಇರುವುದನ್ನು ಎಂದಿಗೆ ಕಲಿಯಿತು, ಅವನು ಅಷ್ಟರಲ್ಲಿ ಆಲೂಗಡ್ಡೆ ಪಾತ್ರೆ ಇಳಿಸಿ ತಳ ಹತ್ತಿದೆ ಅಂದ, ಊಟಕ್ಕೆ ಕೂತೆವು, ಇವತ್ತು ನಾಲ್ಕಕ್ಕೆ ಮಗುವನ್ನು ಕರೆದೊಯ್ಯಲು ಅವನೇ ಬರುತ್ತಾನೆ, ನಗುತ್ತ ಬರುತ್ತಾನೆ.

ನಾನು ಯಾಕೆ ಧೈರ್ಯವಾಗಿದ್ದೆ, ಇದೇ ಧೈರ್ಯ, ಚಿತ್ರ ಏನೂ ಹೇಳುವುದಿಲ್ಲ ಎಂಬ ಧೈರ್ಯ, ಇದು ನನ್ನ ಕಸುಬು, ಈ ವಯಸ್ಸಿನ ಮಕ್ಕಳು ಚಿತ್ರ ಬರೆಯುವುದೇ ಇಲ್ಲ, ಕೈ ಆಡಿಸುತ್ತವೆ, ಕೈ ಹೋದಲ್ಲಿ ಗುರುತು ಬೀಳುತ್ತದೆ, ನಮ್ಮ ಮಗು ಬರೀ ಕಪ್ಪಲ್ಲೇ ಗೀಚತ್ತೆ, ಮನಸ್ಸಿಗೇನಾದ್ರೂ ನೋವಿದ್ಯಾ ಎಂದು ಕೇಳಿದ ತಂದೆಗೆ ನಾನೇ ನಕ್ಕು ಹೇಳಿದ್ದೆ, ಕಪ್ಪು ಅವ್ನ ಕೈ ಹತ್ರ ಇತ್ತು ಅಷ್ಟೇ, ಕೆಂಪು ಅಂದ್ರೆ ರಕ್ತ ಅಲ್ಲ, ಕಪ್ಪು ಅಂದ್ರೆ ದುಃಖ ಅಲ್ಲ, ಏನಿದು ಅಂತ ಕೇಳ್ಬೇಡಿ, ಸುಮ್ನೆ ಪಕ್ಕದಲ್ಲಿ ಕೂತಿರಿ, ಹಾಗಾಗಿ ರೂನಾ ಏನೇ ಗೀಚಲಿ ಯಾರೂ ಓದಲಾರರು ಎಂದುಕೊಂಡಿದ್ದೆ — ಎಸ್ಕಿಲ್ ಈಗ ನೀಲಿ ಹಣ್ಣಿನ ಬಟ್ಟಲು ಎತ್ತಿ ನೆಲಕ್ಕೆ ಕುಕ್ಕಿದ, ಚಿಮ್ಮಿತು, ಅವನ ಕೆನ್ನೆಗೆ, ಉಜ್ಜಿಕೊಂಡ, ಕಣ್ಣಿನ ಕೆಳಗೆ ದೊಡ್ಡ ನೀಲಿ ಮಚ್ಚೆ, ಗೆರ್ಡ್ ಸೊಂಟಕ್ಕೆ ಕೈಕೊಟ್ಟು ನಿಂತರು, ಅಯ್ಯಯ್ಯೋ, ಇದ್ಯಾರಪ್ಪ ಹಿಂಗೆ ಬಾರಿಸಿರೋದು ಕಣ್ಣಿಗೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನ್ನ ಕೈ ತಾನಾಗಿ ನನ್ನ ಕೆನ್ನೆಗೆ ಹೋಯಿತು, ತೆಗೆದೆ, ಯಾರೂ ನೋಡಲಿಲ್ಲ, ನೋಡಿದವಳು ರೂನಾ ಒಬ್ಬಳೇ, ಅವಳು ಆ ತುದಿಯಲ್ಲಿ ಕೂತಿದ್ದಳು, ಬಣ್ಣವಿಲ್ಲದ ಬಟ್ಟಲಿಗೆ ಗಜ್ಜರಿ ರಸದ ಕೈ ಅದ್ದಿ ಅದ್ದಿ ಅದನ್ನು ಒಂಥರಾ ಮೈಬಣ್ಣ ಮಾಡಿಟ್ಟಿದ್ದಳು, ಎದ್ದಳು, ಬಟ್ಟಲು ಎತ್ತಿಕೊಂಡಳು, ಎರಡೂ ಕೈಯಲ್ಲಿ, ಚೆಲ್ಲದ ಹಾಗೆ, ಎಸ್ಕಿಲನ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಬೇಡ ರೂನಾ. ಮನಸ್ಸಿನಲ್ಲೇ ಅಂದೆ. ಎರಡು ವರ್ಷದ ಮಗು ಬಣ್ಣ ಹಚ್ಚುವುದು ಅಂಗೈಯಿಂದ, ಇಲ್ಲ ತೋರುಬೆರಳಿಂದ, ಉಂಗುರದ ಬೆರಳು ಆ ವಯಸ್ಸಿಗೆ ಒಂಟಿಯಾಗಿ ನಿಲ್ಲುವುದೇ ಇಲ್ಲ, ನಿಲ್ಲಿಸಲು ಅವಳಿಗೂ ಆಗಲಿಲ್ಲ, ಎಡಗೈಯಿಂದ ಬಲಗೈಯ ಉಳಿದ ಬೆರಳುಗಳನ್ನು ಮಡಿಸಿ ಅದುಮಿ ಹಿಡಿದುಕೊಂಡಳು, ಒಂದೇ ಒಂದು ಬೆರಳು ಉಳಿಸಿಕೊಂಡಳು, ಅದ್ದಿದಳು, ಎಸ್ಕಿಲನ ಕಣ್ಣಿನ ಕೆಳಗೆ ತಟ್ಟಿದಳು, ಒರೆಸಲಿಲ್ಲ, ತಟ್ಟಿದಳು, ಒಂದು, ಎರಡು, ಮೂರು, ಆಮೇಲೆ ಅವನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು, ತಲೆ ಓರೆ ಮಾಡಿ ನೋಡಿದಳು, ಹೋಯ್ತು, ಅಂದಳು.

ಗೆರ್ಡ್ ನಗುತ್ತಿದ್ದವರು ನಿಲ್ಲಿಸಿದರು, ನಗು ಮುಖದಿಂದ ಪೂರ್ತಿ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು, ಮಗುವಿನ ಬೆರಳು ನೋಡಿದರು, ಆಮೇಲೆ ನನ್ನನ್ನು, ನನ್ನ ಬಲಗೆನ್ನೆಯನ್ನು, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ನನ್ನ ಬಾಯಲ್ಲಿ ಬೀರುವಿನ ಬಾಗಿಲು ಸಿದ್ಧವಾಗಿದೆ, ಬೀರು ಬಾಗ್ಲು ತೆಗೆಯುವಾಗ ಹೊಡೀತು ಗೆರ್ಡ್, ಎಷ್ಟು ಸಲ ಹೇಳಿ ನುಣುಪಾದ ಸುಳ್ಳು, ನಾಲಿಗೆಯ ತುದಿಗೆ ಬಂದು ನಿಂತಿದೆ, ಅವರು ಹತ್ತಿರ ಬಂದು ದನಿ ಇಳಿಸಿದರು, ಅವರಿಗೆ ದನಿ ಇಳಿಸಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ, ಇಂಗ್ವಿಲ್, ಈ ಮಗು ಇದನ್ನ ಎಲ್ಲಿ ನೋಡ್ತು, ಎಲ್ಲೂ ಇಲ್ಲ ಆಟ ಅದು ಅಂದೆ, ನೋಡು ಅಂದರು, ನೀನು ಹೇಳಿದ್ರೂ ನಾನು ತಿಳಿಸ್ಬೇಕು, ಹೇಳದಿದ್ರೂ ತಿಳಿಸ್ಬೇಕು, ಆದ್ರೆ ನೀನಾಗೇ ಹೇಳಿದ್ರೆ ನಿನ್ನ ಪಕ್ಕದಲ್ಲಿ ನಿಂತು ತಿಳಿಸ್ತೀನಿ, ಆ ಎರಡರ ನಡುವೆ ತುಂಬಾ ವ್ಯತ್ಯಾಸ ಇದೆ ಕಣೇ, ಮಗೂನ ನೀನೇ ಎತ್ಕೊಂಡು ಬಂದೆ ಅಂತ ಆಗ್ಬೇಕು, ತಿಳೀತಾ — ಖಾಲಿ ತಳ್ಳುಗಾಡಿ, ಅಂಗಡಿಯ ಮುಂದೆ, ಬೇಸಿಗೆ — ಆ ತಾಯಿ ತಾನಾಗಿ ಹೇಳಿರಲಿಲ್ಲ, ಕೊನೆಯವರೆಗೂ ಬೀರುವಿನ ಬಾಗಿಲು ಅಂದಿದ್ದಳು — ನಾಲ್ಕಕ್ಕೆ ಅವನು ಬರುತ್ತಾನೆ, ಬರಲಿ, ಬಾಗಿಲಲ್ಲೇ, ಆ ದುಂಡು ಮೂಲೆಯ ಹಲಗೆ ಎತ್ತಿ ಅವನ ಹಣೆಗೆ, ಒಂದು, ಎರಡು, ಮೂರು, ಹಲ್ಲು ಉದುರುವವರೆಗೆ — ಬೇಡ, ಬೇಡ, ನನ್ನ ಕೈಯನ್ನೂ ಇವಳು ನೋಡುತ್ತಾಳೆ, ನೋಡಿ ಕಲಿಯುತ್ತಾಳೆ — ಗೆರ್ಡ್ ಮಕ್ಕಳ ಮೂತಿ ಒರೆಸುವ ಒದ್ದೆ ಬಟ್ಟೆ ಚಾಚಿದ್ದಾರೆ, ಹಳದಿ ಬಟ್ಟೆ, ಬೆಚ್ಚಗಿದೆ, ತೆಗೆದುಕೊಂಡೆ, ಕೆನ್ನೆಗೆ ಒತ್ತಿ ಒರೆಸಿದೆ, ತಟ್ಟಲಿಲ್ಲ, ಒರೆಸಿದೆ, ಗಾಯದ ಹಕ್ಕಳೆ ಕಿತ್ತು ಉರಿಯಿತು, ಬಟ್ಟೆಯ ಮೇಲೆ ಮೈಬಣ್ಣ ಬಂತು, ಅದರ ಹಿಂದೆ ಕೆಂಪು, ಬೀಟ್ರೂಟ್ ಅಲ್ಲ, ಸ್ಟೀಗ್, ಅಂದೆ, ಸ್ಟೀಗ್ ಹೊಡೆಯೋದು ಗೆರ್ಡ್, ಇವಳ ಮುಂದೇನೇ, ಕಣ್ಣಲ್ಲಿ ಬಂದ ನೀರನ್ನು ತಡೆಯಲಿಲ್ಲ, ಗೆರ್ಡರ ಸವೆದ ಕೈ ನನ್ನ ತೋಳನ್ನು ಹಿಡಿಯಿತು, ನಾಲ್ಕಕ್ಕೆ ಬಾಗ್ಲಲ್ಲಿ ನಾನಿರ್ತೀನಿ, ನೀವಿಬ್ರೂ ಅಷ್ಟೊತ್ತಿಗೆ ಇಲ್ಲಿರಲ್ಲ ಅಂದರು, ಕೆಳಗಿನಿಂದ ಯಾರೋ ನನ್ನ ಲಂಗ ಜಗ್ಗಿದರು.

ರೂನಾ. ಬಟ್ಟಲು ಹಿಡಿದು ನಿಂತಿದ್ದಾಳೆ, ನನ್ನ ಮುಖ ನೋಡುತ್ತಾಳೆ, ಹೋಗಿದ್ದದ್ದು ತಿರುಗಿ ಬಂದಿದೆ, ನೇರಳೆ, ಕೆಂಪು, ಎಲ್ಲ, ಅವಳ ಕೆಳತುಟಿ ಅದುರುತ್ತದೆ, ಅಳುವುದಿಲ್ಲ, ಅಳು ಮಗಳೇ, ಅತ್ತರೆ ಸಾಕು ನನಗೆ, ಅಳುವುದಿಲ್ಲ, ಬಟ್ಟಲು ಕೆಳಗಿಡುತ್ತಾಳೆ, ಎಡಗೈಯಿಂದ ಬೆರಳುಗಳನ್ನು ಮಡಿಸುತ್ತಾಳೆ, ಒಂದೊಂದಾಗಿ, ಬೇಡ ಪುಟ್ಟೀ, ಇನ್ಮೇಲೆ ಬೇಡ, ನೋಡು ಅಮ್ಮ ಒರೆಸಿಬಿಟ್ಟೆ, ಇರಲಿ ಬಿಡು, ಕಾಣಲಿ ಬಿಡು, ಮಂಡಿಯೂರಿ ಅವಳ ಎತ್ತರಕ್ಕೆ ಕೂತೆ, ಕೇಳಿಸಿಕೊಳ್ಳುತ್ತಿಲ್ಲ, ಕೆಲಸದಲ್ಲಿದ್ದಾಳೆ, ಅದ್ದುತ್ತಾಳೆ, ಎತ್ತುತ್ತಾಳೆ, ತೊಟ್ಟಿಕ್ಕುತ್ತದೆ, ನನ್ನ ಕಣ್ಣಿನ ಕೆಳಗಿನ ಗಾಯದ ಕಡೆಗೆ ಬರುತ್ತಿದೆ, ಚಿಕ್ಕದು, ಉಗುರಿನಂಚಿನಲ್ಲಿ ನಿನ್ನೆಯ ಕಪ್ಪು ಮೇಣ ಇನ್ನೂ ಹೋಗಿಲ್ಲ, ನೋವಾಗಬಾರದೆಂದು ಎಷ್ಟು ಮೆಲ್ಲಗೆ, ಬಲವೇ ಇಲ್ಲದ ಹಾಗೆ, ಆ ಬೆರಳು, ಉಂಗುರದ ಬೆರಳು, ಆ ಬೆರಳು —